ಅತ್ತೆಯ ಡ್ರಮ್ಮಿಗೆ ಬರೆದ ಪ್ರೋಗ್ರಾಂ

ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ ಏಳು ಸೆಕೆಂಡಿಗೆ ಅತ್ತೆ ನೂಲು ಸುತ್ತುವ ಡ್ರಮ್ ತಾನಾಗಿಯೇ ತಿರುಗಿತು. ಇಷ್ಟು ಕರಾರುವಾಕ್ಕಾಗಿ ಹೇಳುವುದಕ್ಕೆ ನಾನೇನು ಗಡಿಯಾರ ನೋಡಿರಲಿಲ್ಲ. ಡ್ರಮ್ಮಿನ ಮೋಟಾರು ನಡೆಸುವ ಪ್ರೋಗ್ರಾಂ ನಾನು ಬರೆದದ್ದು. ಮೋಟಾರು ಶುರುವಾದಾಗ, ನಿಂತಾಗ, ಒಂದೊಂದು ಸುತ್ತು ಮುಗಿದಾಗ ವೇಳೆಯೊಂದಿಗೆ ಒಂದು ಸಾಲು ಬರೆದಿಡು ಎಂದು ಅದಕ್ಕೆ ಹೇಳಿಟ್ಟವಳೂ ನಾನೇ. ಅದು ಹೇಳಿದಂತೆ ಬರೆದಿಟ್ಟಿತ್ತು. ಏಳನೆಯ ಸೆಕೆಂಡಿಗೆ ಚಾಲೂ. ಹತ್ತೊಂಬತ್ತನೆಯ ಸೆಕೆಂಡಿಗೆ ಒಂದು ಸುತ್ತು. ಅದರ ಕೆಳಗೆ ಏನೂ ಇಲ್ಲ, ಯಾಕೆಂದರೆ ಅಷ್ಟರಲ್ಲಿ ನಾನು ವೈರನ್ನು ಗೋಡೆಯಿಂದ ಕಿತ್ತೆಳೆದಿದ್ದೆ.

ಆ ಎರಡು ಸಾಲುಗಳನ್ನು ಎಷ್ಟು ಸಲ ಓದಿದ್ದೇನೋ. ಈಗಲೂ ಪಲ್ಯಕ್ಕೆ ಒಗ್ಗರಣೆ ಹಾಕುವಾಗ, ಬಸ್ಸಿಗೆ ಕಾಯುವಾಗ ಅವು ಕಣ್ಣ ಮುಂದೆ ಬರುತ್ತವೆ. ಏಳರಿಂದ ಹತ್ತೊಂಬತ್ತು. ಆ ಹನ್ನೆರಡು ಸೆಕೆಂಡಿನಲ್ಲಿ ಅತ್ತೆಯ ಸೆರಗು ಡ್ರಮ್ಮಿನ ಪಟ್ಟಿಗಳ ನಡುವೆ ಸಿಕ್ಕಿತು, ಎಡಗೈ ಅದರ ಹಿಂದೆಯೇ ಹೋಯಿತು, ಬಳೆಗಳು ಒಡೆದವು, ಕೊರಳು ಡ್ರಮ್ಮಿನ ಕಡೆಗೆ ಬಗ್ಗಿತು. ಸೀರೆ ಹೆಗಲ ಹತ್ತಿರ ಹರಿಯಿತು. ಹರಿಯದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ನಾನು ಬರೆಯಲಾರೆ. ಅತ್ತೆಗೆ ಏನೂ ಆಗಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮುಂಗೈ ಮೇಲೆ ಎರಡು ಗೀರು, ಮೊಣಕೈಯಲ್ಲಿ ಒಂದು ಕಪ್ಪು ಗುರುತು, ಅಷ್ಟೇ. ನಾನು ನೆಲದ ಮೇಲೆ ಕುಸಿದು ಕೂತಿದ್ದಾಗ ಆಕೆ ಹರಿದ ಸೆರಗು ಹಿಡಿದು ನಿಂತು ಕೇಳಿದ ಮೊದಲ ಮಾತು, "ಕರೆಂಟ್ ಬಂತೇನ?"

ನಾನು ಗಜೇಂದ್ರಗಡದ ನೇಕಾರರ ಮನೆಯ ಸೊಸೆ. ತವರು ಅಬ್ಬಿಗೇರಿ. ಅಪ್ಪನ ಮನೆಯಲ್ಲೂ ಒಂದು ಕಾಲಕ್ಕೆ ಮಗ್ಗವಿತ್ತಂತೆ. ಅಜ್ಜ ಅದನ್ನು ಬಿಟ್ಟು ಹೊಲ ಹಿಡಿದ. ಹಾಗಾಗಿ ನಾನು ಬೆಳೆದದ್ದು ಎರೆ ಮಣ್ಣಿನಲ್ಲಿ, ಜೋಳ ಕಡಲೆಯ ನಡುವೆ. ರೋಣದ ಕಾಲೇಜಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದೆ. ಕಂಪ್ಯೂಟರನ್ನು ಮೊದಲು ಮುಟ್ಟಿದ್ದು ನರಗುಂದದಲ್ಲಿ, ಅಕ್ಕನ ಮನೆಗೆ ರಜೆಗೆ ಹೋದಾಗ. ಅಲ್ಲಿನ ಕ್ಲಾಸಿನಲ್ಲಿ ಒಂದು ತಿಂಗಳು ಟೈಪಿಂಗ್ ಕಲಿಸಿ, ಉಳಿದ ವೇಳೆಯಲ್ಲಿ ಪರದೆಯ ಮೇಲೆ ಮನೆಯ ಚಿತ್ರ ಬಿಡಿಸಲು ಹೇಳುತ್ತಿದ್ದರು. ಅಂಥ ಮನೆಗಳನ್ನು ನಾನು ನಲವತ್ತು ಬಿಡಿಸಿರಬಹುದು, ಎಲ್ಲದಕ್ಕೂ ಹೊಗೆ ಬರುವ ಚಿಮಣಿ ಇತ್ತು. ನಮ್ಮ ಕಡೆ ಅಂಥ ಮನೆ ಒಂದನ್ನೂ ನಾನು ಕಂಡಿಲ್ಲ.

ಪ್ರೋಗ್ರಾಂ ಬರೆಯುವುದನ್ನು ಯಾರೂ ಕಲಿಸಲಿಲ್ಲ. ಮದುವೆಯಾದ ಹೊಸದರಲ್ಲಿ, ಮಧ್ಯಾಹ್ನ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿತೆ. ಆ ಮೊಬೈಲಿನ ಗಾಜು ಒಡೆದಿತ್ತು, ಬಿರುಕು ನೇರವಾಗಿ ಅರ್ಧವಿರಾಮದ ಚಿಹ್ನೆಯ ಮೇಲೆ ಹಾಯ್ದಿತ್ತು. ನಾನು ಬರೆಯುತ್ತಿದ್ದ ಭಾಷೆಯಲ್ಲಿ ಪ್ರತಿ ಸಾಲಿನ ಕೊನೆಗೂ ಆ ಚಿಹ್ನೆ ಬೇಕು. ಮೂರು ಸಲ ಒತ್ತಿದರೆ ಒಂದು ಸಲ ಬೀಳುತ್ತಿತ್ತು, ಒಮ್ಮೊಮ್ಮೆ ಮೂರೂ ಬೀಳುತ್ತಿದ್ದವು. ಅದರಿಂದ ಒಂದು ಉಪಕಾರವಾಯಿತು. ಸಾಲು ಉದ್ದವಾದಷ್ಟೂ ತಪ್ಪು ಹೆಚ್ಚು, ಸಾಲು ಹೆಚ್ಚಾದಷ್ಟೂ ಬೆರಳು ನೋವು, ಹೀಗಾಗಿ ಕಡಿಮೆ ಬರೆಯುವ ಅಭ್ಯಾಸ ತಾನೇ ಬಂತು. ಆಮೇಲೆ ಹಳೆಯ ಲ್ಯಾಪ್‌ಟಾಪ್ ಬಂದ ಮೇಲೆ ಆ ಅಭ್ಯಾಸ ಕೆಟ್ಟಿತು. ಒಳ್ಳೆಯ ಕೀಲಿಮಣೆ ಸಿಕ್ಕ ಕೂಡಲೇ ನಾನು ಬೇಡದ್ದನ್ನೆಲ್ಲ ಬರೆಯತೊಡಗಿದೆ.

ತಾನೇ ಕಲಿಯುವುದರ ಸುಖವನ್ನು ಹೇಗೆ ಹೇಳಲಿ. ಕಾಲೇಜಿನಲ್ಲಿ ಪಾಠ ಮೊದಲು, ಪ್ರಶ್ನೆ ಆಮೇಲೆ. ಇಲ್ಲಿ ಪ್ರಶ್ನೆಯೇ ಮೊದಲು. ಒಂದು ಪುಟ್ಟ ದೀಪವನ್ನು ಮಿನುಗಿಸಬೇಕು ಎನ್ನುವ ಹಟಕ್ಕೆ ನಾಲ್ಕು ದಿನ ಕೂತೆ, ಅದು ಮಿನುಗಿದಾಗ ಓಡಿಹೋಗಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ನಮ್ಮ ಮನೆಯವರಿಗೆ ತೋರಿಸಿದೆ. ಲಾಳಿ ನಿಲ್ಲಿಸದೆ ನೋಡಿ, "ಚಲೋ ಐತಿ. ಸ್ವಿಚ್ ಒತ್ತಿದ್ರೂ ಹತ್ತತಿತ್ತಲ್ಲ?" ಅಂದರು. ಎರಡು ದಿನ ಅವರ ಜೊತೆ ಮಾತು ಬಿಟ್ಟಿದ್ದೆ.

ಕಷ್ಟವೂ ಅಲ್ಲೇ ಇದೆ, ಅದು ನನಗೆ ತಿಳಿದದ್ದು ಬಹಳ ತಡವಾಗಿ. ಕ್ರಮವಾಗಿ ಕಲಿತವರಿಗೆ ತಾವು ಯಾವ ಪಾಠಕ್ಕೆ ಗೈರುಹಾಜರಾಗಿದ್ದೆವು ಎನ್ನುವುದಾದರೂ ಗೊತ್ತಿರುತ್ತದೆ. ನನಗೆ ಹಾಜರಿ ಪುಸ್ತಕವೇ ಇರಲಿಲ್ಲ.

ಅತ್ತೆಯ ಕೆಲಸ ಹಾಸು ಮಾಡುವುದು. ಹಾಸು ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆಗಳು. ನೂರಾರು ಎಳೆಗಳನ್ನು ಒಂದೇ ಅಳತೆಗೆ, ಒಂದೇ ಬಿಗಿಗೆ ಡ್ರಮ್ಮಿಗೆ ಸುತ್ತಿ ಆಮೇಲೆ ಮಗ್ಗಕ್ಕೆ ಏರಿಸಬೇಕು. ಡ್ರಮ್ ಅಂದರೆ ಕಟ್ಟಿಗೆಯ ಪಟ್ಟಿಗಳನ್ನು ಸುತ್ತಲೂ ಹೊಡೆದ ಗಾಲಿ, ಸೊಂಟದೆತ್ತರ. ಅದರ ಹಿಡಿಕೆಯನ್ನು ಬಲಗೈಯಲ್ಲಿ ತಿರುಗಿಸುತ್ತ, ಎಡಗೈ ಬೆರಳುಗಳಿಂದ ಎಳೆಗಳನ್ನು ಸವರಿ ನೋಡುತ್ತ, ಅತ್ತೆ ಮದುವೆಯಾಗಿ ಬಂದಾಗಿನಿಂದ ಇದನ್ನೇ ಮಾಡಿದವರು. ನಮ್ಮ ಮಗ್ಗಕ್ಕಷ್ಟೇ ಅಲ್ಲ, ಓಣಿಯ ಇನ್ನೆರಡು ಮಗ್ಗಗಳಿಗೂ ಆಕೆಯ ಹಾಸೇ ಬೇಕು. ಹೋದ ವರ್ಷ ಆ ಬಲ ಹೆಗಲು ಹಿಡಿದುಕೊಂಡಿತು. ದವಾಖಾನೆಯಲ್ಲಿ ಹಿಡಿಕೆ ತಿರುಗಿಸುವುದನ್ನು ಪೂರ್ತಿ ಬಿಡಲು ಹೇಳಿದರು. ಅತ್ತೆ ಮನೆಗೆ ಬಂದು ಡ್ರಮ್ಮಿನ ಮುಂದೆ ಕೂತು, ಏನೂ ಮಾಡದೆ, ಅದನ್ನೇ ನೋಡುತ್ತಿದ್ದರು. ಮಾತಿನ ಮಲ್ಲಿ ಅನ್ನಿಸಿಕೊಂಡ ಹೆಂಗಸು ಮೂರು ದಿನ ಯಾರನ್ನೂ ಬಯ್ಯಲಿಲ್ಲ. ಆಗ ನಾನು ಅಂದೆ, "ಅತ್ತೀ, ನಾ ಇದಕ್ಕೊಂದು ಮೋಟಾರ ಕೂಡಿಸಿ ಕೊಡ್ಲೇನ್ರಿ?"

"ದೀಪ ಮಿಣುಕಿಸಿದ್ಯಲ್ಲ, ಹಂಗನ?"

"ಹಂಗ ಸ್ವಲ್ಪ ದೊಡ್ಡದು."

"ಮಾಡ. ಕೆಟ್ಟ್ರ ಬೈತೀನಿ, ಬೈದು ಭಾಳ ದಿನಾ ಆತು."

ರೋಣದಲ್ಲಿ ಮೋಟಾರು ವೈಂಡಿಂಗ್ ಮಾಡುವ ಒಬ್ಬ ಹಿರಿಯರ ಅಂಗಡಿಯಿಂದ ಗೇರ್ ಇರುವ ಹಳೆಯ ಮೋಟಾರು ತಂದೆ. ಅಂಗೈಗಿಂತ ಸಣ್ಣ ಬೋರ್ಡು ಒಂದನ್ನು ತರಿಸಿ ಪ್ರೋಗ್ರಾಂ ಬರೆಯಲು ಕೂತೆ. ಮೋಟಾರು ತಿರುಗಿಸಬೇಕು, ಸುತ್ತು ಎಣಿಸಬೇಕು, ಲೆಕ್ಕ ಮುಗಿದಾಗ ನಿಲ್ಲಿಸಬೇಕು. ಕೇಳಲು ಇಷ್ಟೇ.

ಬರೆಯುವಾಗ ನನಗೊಂದು ಚಟ ಇದೆ. ಹೆಸರುಗಳನ್ನೆಲ್ಲ ನಮ್ಮ ಮಾತಿನಲ್ಲೇ, ಇಂಗ್ಲಿಷ್ ಅಕ್ಷರದಲ್ಲಿ ಇಡುತ್ತೇನೆ. ಸುತ್ತು, ಎಳಿ, ನಿಲ್ಲು, ಸಾವಕಾಶ. ವಿಡಿಯೊಗಳಲ್ಲಿ ಎಲ್ಲರೂ ಇಂಗ್ಲಿಷ್ ಹೆಸರು ಇಡುತ್ತಾರೆ, ಮೊದಮೊದಲು ನಾನೂ ಇಟ್ಟಿದ್ದೆ. ಹದಿನೈದು ದಿನ ಬಿಟ್ಟು ತೆರೆದರೆ ಯಾರೋ ಪರರ ಮನೆಗೆ ಹೋದಂತೆ ಆಗುತ್ತಿತ್ತು, ಯಾವ ಡಬ್ಬಿಯಲ್ಲಿ ಏನಿದೆ ಗೊತ್ತಾಗುತ್ತಿರಲಿಲ್ಲ. 'ಎಳಿ ಹರದ್ರ ನಿಲ್ಲು' ಅಂತ ಬರೆದಿದ್ದರೆ ಒಂದು ವರ್ಷ ಬಿಟ್ಟು ನೋಡಿದರೂ ತಿಳಿಯುತ್ತದೆ.

ಇನ್ನೊಂದು ಚಟ, ಬರೆದದ್ದನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳುವುದು. ಕಥೆ ಕೇಳುವವರು ಹೂಂ ಅನ್ನಬೇಕು ಎನ್ನುವ ಪದ್ಧತಿ ನಮ್ಮಲ್ಲಿ ಉಂಟು, ಅನ್ನದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಅತ್ತೆ ನೂಲಿನ ಲಡಿ ಬಿಡಿಸುತ್ತ ಹೂಂ ಹೂಂ ಅನ್ನುತ್ತಿದ್ದರು. ಆಕೆಗೆ ಒಂದಕ್ಷರವೂ ತಿಳಿಯುತ್ತಿಲ್ಲ ಎಂದು ನಾನು ತಿಳಿದಿದ್ದೆ. ಒಂದು ದಿನ ಹೂಂ ನಿಂತಿತು.

"ಯಾಕ್ರಿ ಅತ್ತಿ?"

"ಎಣಿಸೂದು ಎಲ್ಲಿಂದ ಚಾಲೂ ಅಂದಿ?"

"ಸೊನ್ನಿಯಿಂದ್ರಿ. ಕಂಪ್ಯೂಟರಿನ್ಯಾಗ ಮೊದಲನೇದು ಸೊನ್ನಿ."

"ಸೊನ್ನಿ ಅಂದ್ರ ಇನ್ನೂ ಸುತ್ತೇ ಇಲ್ಲ ಅಂತ. ಸುತ್ತಿದ ಮ್ಯಾಲೆ ಹ್ಯಾಂಗ ಸೊನ್ನಿ ಆಕ್ಕೈತಿ?"

ಅತ್ತೆ ಒಂದು ಸುತ್ತಿಗೆ ಒಂದು ಹುಣಸೆ ಬೀಜವನ್ನು ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕಿ ಎಣಿಸಿದವರು. ನಮ್ಮಪ್ಪ ಕಣದಲ್ಲಿ ಜೋಳ ಅಳೆಯುವಾಗ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು. ಸೊನ್ನೆಯೋ, ಒಂದೋ, ಲಾಭವೋ, ಎಣಿಕೆ ಎಲ್ಲಿಂದ ಶುರು ಎನ್ನುವುದಕ್ಕೆ ಲೋಕದಲ್ಲಿ ಒಮ್ಮತವಿಲ್ಲ ಎಂದು ನಾನು ವಾದ ಹೂಡಿದೆ. ಅತ್ತೆ ಬೀಜದ ಬಟ್ಟಲು ತಂದು ಮೋಟಾರಿನ ಪಕ್ಕ ಕೂತು ಎಣಿಸಿದರು. ನನ್ನ ಪ್ರೋಗ್ರಾಂ ಒಂದು ಸುತ್ತು ಹೆಚ್ಚು ಸುತ್ತಿತ್ತು. ಆ ದಿನ ಸಿಕ್ಕ ಬೈಗುಳ ಈಗ ನೆನೆದರೂ ಹಿತವೆನಿಸುತ್ತದೆ, ಅತ್ತೆ ಮೊದಲಿನಂತಾಗಿದ್ದರು.

ಇನ್ನೊಂದು ಮಾತನ್ನೂ ಆಕೆಯೇ ಹೇಳಿದ್ದು. ಮೋಟಾರು ಒಮ್ಮೆಲೇ ಜೋರಾಗಿ ಎದ್ದರೆ ಎಳೆ ಹರಿಯುತ್ತದೆ, ಮೊದಲ ಸುತ್ತು ಸಾವಕಾಶ ಹೋಗಲಿ, ಎತ್ತು ಬಂಡಿ ಎಳೆದಂತೆ. ಹಾಗೇ ಬರೆದೆ. ಹನ್ನೆರಡು ಸೆಕೆಂಡಿಗೆ ಒಂದೇ ಸುತ್ತು ಆದದ್ದು ಅದಕ್ಕೇ. ಸೆರಗು ಸಿಕ್ಕ ದಿನ ಆಕೆಯನ್ನು ಉಳಿಸಿದ್ದು ನನ್ನ ಓಟಕ್ಕಿಂತ ಹೆಚ್ಚಾಗಿ ಆಕೆಯ ಈ ಮಾತು. ಆಕೆ ಹೇಳದೇ ಇದ್ದಿದ್ದರೆ ನಾನಾಗಿ ಅದನ್ನು ಬರೆಯುತ್ತಿರಲಿಲ್ಲ.

ಈಗ ನನ್ನ ತಪ್ಪಿನ ಬಗ್ಗೆ. ಅದು ಅರ್ಧವಿರಾಮ ಬಿಟ್ಟ ತಪ್ಪಲ್ಲ, ಎಣಿಕೆಯ ತಪ್ಪೂ ಅಲ್ಲ. ಪ್ರೋಗ್ರಾಮಿನಲ್ಲಿ ನಾನು ಬಹಳ ಹೆಮ್ಮೆಪಟ್ಟಿದ್ದ ಭಾಗ ಒಂದಿತ್ತು, ಅದಕ್ಕೆ 'ಜಾಣ' ಎಂದೇ ಹೆಸರಿಟ್ಟಿದ್ದೆ. ನಮ್ಮಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆ ಎಂದು ಯಾರೂ ಎಣಿಸುವುದಿಲ್ಲ. ಹೋದಾಗೆಲ್ಲ ಸುತ್ತಿನ ಲೆಕ್ಕ ಮರೆತರೆ ಹಾಸು ಕೆಡುತ್ತದೆ. ಜಾಣ ಏನು ಮಾಡುತ್ತಿದ್ದನೆಂದರೆ, ಕರೆಂಟ್ ಹೋಗುವ ಮುಂಚೆ ಎಷ್ಟನೇ ಸುತ್ತಿತ್ತು, ಮೋಟಾರು ನಡೆಯುತ್ತಿತ್ತೋ ನಿಂತಿತ್ತೋ ಎರಡನ್ನೂ ನೆನಪಿಟ್ಟುಕೊಂಡು, ಕರೆಂಟ್ ಬಂದ ಕೂಡಲೇ ಬಿಟ್ಟಲ್ಲಿಂದ ತಾನೇ ಶುರು ಮಾಡುತ್ತಿದ್ದ.

ಇದು ನನ್ನ ತಲೆಗೆ ಯಾಕೆ ಅಷ್ಟು ಸಹಜವಾಗಿ ಹೊಳೆಯಿತು ಎಂದು ಆಮೇಲೆ ಬಹಳ ಯೋಚಿಸಿದ್ದೇನೆ. ಅಬ್ಬಿಗೇರಿಯ ಹೊಲದಲ್ಲಿ ಅಪ್ಪನ ಬೋರಿಗೆ ಆಟೋ ಎನ್ನುವ ಒಂದು ಪೆಟ್ಟಿಗೆ ಇದೆ. ಕರೆಂಟ್ ಯಾವ ಹೊತ್ತಿಗೆ ಬಂದರೂ ಪಂಪು ತಾನೇ ಚಾಲೂ ಆಗುತ್ತದೆ, ಮನುಷ್ಯ ಹೋಗಬೇಕಿಲ್ಲ. ಆ ಪೆಟ್ಟಿಗೆ ಬಂದ ದಿನ ಅವ್ವ ಅದಕ್ಕೆ ಕುಂಕುಮ ಹಚ್ಚಿದ್ದಳು. ಮೋಟಾರು ತಾನಾಗಿ ಎದ್ದು ಕೂರುವುದು ಒಳ್ಳೆಯದು ಎನ್ನುವುದು ನನ್ನ ರಕ್ತದಲ್ಲೇ ಇತ್ತು. ಅದನ್ನು ನಾನು ತವರಿನಿಂದ ಉಡಿ ತುಂಬಿಸಿಕೊಂಡು ಬಂದಂತೆ ಈ ಮನೆಗೆ ತಂದೆ.

ಆದರೆ ನೇಕಾರರ ಮನೆಯ ರೂಢಿ ಬೇರೆ. ಕರೆಂಟ್ ಹೋಯಿತೆಂದರೆ ಯಾರೂ ಸ್ವಿಚ್ ಆರಿಸುವುದಿಲ್ಲ, ಫ್ಯಾನು ತಿರುಗಿದಾಗ ಬಂತೆಂದು ತಿಳಿಯಲಿ ಅಂತ. ಆ ನಡುವಿನ ಹೊತ್ತನ್ನು ಸುಮ್ಮನೆ ಕಳೆಯುವುದೂ ಇಲ್ಲ. ಮೋಟಾರು ಬಂದ ಮೇಲೆ ಕರೆಂಟ್ ಹೋದರೆ ಡ್ರಮ್ ಹೇಗೂ ನಿಲ್ಲುತ್ತದೆ, ಹರಿದ ಎಳೆಗಳನ್ನು ಹುಡುಕಿ ಗಂಟು ಹಾಕಲು ಅದೇ ಸರಿಯಾದ ವೇಳೆ. ಅತ್ತೆ ಡ್ರಮ್ಮಿನ ಮೇಲೆ ಎದೆಯಿಟ್ಟು ಬಗ್ಗುತ್ತಿದ್ದದ್ದು ಕರೆಂಟ್ ಇಲ್ಲದಾಗಲೇ. ಇದನ್ನು ನಾನು ದಿನವೂ ನೋಡುತ್ತಿದ್ದೆ. ನೋಡುತ್ತಲೇ ಕೊನೆಗೆ ಜಾಣನನ್ನೂ ಬರೆದು ಸೇರಿಸಿದೆ. ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ನೋಡುವುದು ನನಗೆ ಹೊಳೆಯಲಿಲ್ಲ.

ಆ ದಿನ ಕರೆಂಟ್ ಹೋಗಿ ಹತ್ತು ನಿಮಿಷವಾಗಿರಬಹುದು. ಅತ್ತೆ ಬಗ್ಗಿ ಗಂಟು ಹಾಕುತ್ತಿದ್ದರು. ನಾನು ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದೆ. ಫ್ಯಾನು ತಿರುಗುವ ಸದ್ದಿಗೆ ತಲೆ ಎತ್ತಿದೆ, ಡ್ರಮ್ ಚಲಿಸುತ್ತಿತ್ತು. ಕೆಲವು ಸೆಕೆಂಡು ನಾನು ನೋಡುತ್ತ ಕೂತೇ ಇದ್ದೆ. ಅದು ನನ್ನ ಪ್ರೋಗ್ರಾಂ, ಸರಿಯಾಗಿ ನಡೆಯುತ್ತಿದೆ ಎನ್ನುವ ಸಣ್ಣ ಸಂತೋಷವೂ ಆಗಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆಮೇಲೆ ಬಳೆಯ ಸದ್ದು ಕೇಳಿತು.

ನಮ್ಮ ಮನೆಯವರು ಕುಣಿಯಿಂದ ಎದ್ದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಓಣಿಯ ಹೆಂಗಸರು ಸೇರಿದರು. ಒಬ್ಬಾಕೆ ಹರಿದ ಸೆರಗು ನೋಡಿ ಲೊಚಗುಟ್ಟಿದಾಗ ಅತ್ತೆ ಅಂದರು, "ನೇಯೋ ಮನ್ಯಾಗ ಸೀರಿಗೇನ ಬರ ಏನವ್ವ? ಮಗಾ ಕುಂತಾನಲ್ಲ ಕುಣ್ಯಾಗ, ನೇದ ಕೊಡ್ತಾನ." ಅತ್ತೆಯೇ ನನಗೆ ನೀರು ಕುಡಿಸಿದರು.

ಅದೇ ಸಂಜೆ ಮೋಟಾರು ಬಿಚ್ಚಿ, ಬೋರ್ಡು ಕಿತ್ತು, ಎರಡನ್ನೂ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಲ್ಯಾಪ್‌ಟಾಪ್ ಮುಚ್ಚಿಟ್ಟೆ. ನಿದ್ದೆ ಬರುತ್ತಿರಲಿಲ್ಲ, ಬಂದರೂ ಬಳೆಯ ಸದ್ದಿಗೆ ಎಚ್ಚರವಾಗುತ್ತಿತ್ತು. ಇನ್ನು ಮೇಲೆ ಈ ಉಸಾಬರಿ ಬೇಡ, ಇತಿಹಾಸ ಓದಿದವಳು ಇತಿಹಾಸವನ್ನೇ ಓದಿಕೊಂಡಿರಬೇಕು ಎಂದು ತೀರ್ಮಾನಿಸಿದೆ.

ನಾಲ್ಕನೆಯ ದಿನ ಒಳಗಿನಿಂದ ಹಿಡಿಕೆಯ ಕಿರಕಿರ ಸದ್ದು ಬಂತು. ಅತ್ತೆ ಹಳೆಯ ಹಿಡಿಕೆ ಸಿಕ್ಕಿಸಿ, ಕೆಟ್ಟ ಹೆಗಲಿನಿಂದ ಡ್ರಮ್ ತಿರುಗಿಸುತ್ತಿದ್ದರು. ಮೂರು ಸುತ್ತಿಗೆ ಮುಖ ಬಿಳಿಚಿತ್ತು.

"ಅತ್ತೀ, ಬ್ಯಾಡ್ರಿ, ದವಾಖಾನ್ಯಾಗ ಏನ ಹೇಳ್ಯಾರ?"

"ಮೋಟಾರ ಎಲ್ಲಿ?"

"ಅದು ಬ್ಯಾಡ್ರಿ. ನನಗ ಅಂಜಿಕಿ ಬರ್ತದ."

ಆಕೆ ಹಿಡಿಕೆ ಬಿಟ್ಟು ನನ್ನ ಕಡೆ ತಿರುಗಿದರು. "ಅಂಜಿಕಿ ನಿನಗ, ಶಿಕ್ಷಾ ನನಗೇನ? ನೀ ಕೂಡಿಸಿ ಕೊಟ್ಟಿದ್ದಕ ನನ್ನ ಕೈ ಮತ್ತ ಎಳಿ ಮುಟ್ಟಿದ್ವು. ಈಗ ಕಸಗೊಂಡ ಅಟ್ಟಕ್ಕ ಹಾಕಿದಿ. ಗಂಟ ತಪ್ಪಿ ಬಿತ್ತು ಅಂದ್ರ ನೇಕಾರ ಮಗ್ಗಾ ಸುಡ್ತಾನೇನ? ಬಿಚ್ಚತಾನ, ಮತ್ತ ಹಾಕ್ತಾನ. ಬಿಚ್ಚಾಕ ಬರದಿದ್ದವ್ರು ಗಂಟ ಹಾಕಬಾರದು."

ಇನ್ನೊಂದು ವಾರ ಬಿಟ್ಟರೆ ಆಕೆ ಆ ಹೆಗಲನ್ನು ಪೂರ್ತಿ ಕಳೆದುಕೊಳ್ಳುತ್ತಾರೆ, ಇಲ್ಲವೇ ಮೊದಲಿನಂತೆ ಮಾತು ಬಿಟ್ಟು ಡ್ರಮ್ಮಿನ ಮುಂದೆ ಕೂರುತ್ತಾರೆ. ಎರಡೂ ನನ್ನಿಂದಲೇ ಆಗುವಂಥದ್ದು. ಮರುದಿನ ಚೀಲ ಹೊತ್ತುಕೊಂಡು ರೋಣದ ಬಸ್ಸು ಹತ್ತಿದೆ.

ವೈಂಡಿಂಗ್ ಅಂಗಡಿಯ ಕಾಕಾ ತಾಮ್ರದ ತಂತಿ ಸುತ್ತುತ್ತಿದ್ದರು. "ಏನ ತಂಗಿ, ಮೋಟಾರ ಸುಟ್ಟಿ ಏನ?"

"ಮೋಟಾರ ಚಲೋ ಐತ್ರಿ ಕಾಕಾ. ನನ್ನ ತಲಿ ಸುಟ್ಟೈತಿ."

ನಡೆದದ್ದನ್ನೆಲ್ಲ ಹೇಳಿದೆ. ಜಾಣನ ಕಥೆ ಬಂದಾಗ ಅವರು ತಂತಿ ಕೆಳಗಿಟ್ಟರು. "ಹಿಟ್ಟಿನ ಗಿರಣಿಗೆ ಹೋಗೀಯಿಲ್ಲ ನೀ?"

"ಹೋಗೇನ್ರಿ."

"ಬೀಸೂ ಮುಂದ ಕರೆಂಟ್ ಹೋಗಿ ಬಂದ್ರ ಗಿರಣಿ ತಾನ ಚಾಲೂ ಆಕ್ಕೈತೇನ?"

ಚಿಕ್ಕಂದಿನಿಂದ ಜೋಳದ ಡಬ್ಬಿ ಸೊಂಟದಲ್ಲಿಟ್ಟು ಗಿರಣಿಗೆ ಹೋದವಳು ನಾನು. ಕರೆಂಟ್ ಬಂದಾಗ ಗಿರಣಿಯವನು ಎದ್ದು ಹೋಗಿ ಹಸಿರು ಗುಂಡಿ ಒತ್ತುವುದನ್ನು ನೂರು ಸಲ ಕಂಡಿದ್ದೆ. ಯಾಕೆ ಎಂದು ಒಮ್ಮೆಯೂ ಕೇಳಿರಲಿಲ್ಲ.

"ಕರೆಂಟ್ ಹೋತಂದ್ರ ಸ್ಟಾರ್ಟರ್ ಕೈ ಬಿಡತೈತಿ," ಅಂದರು ಕಾಕಾ. "ಮತ್ತ ಮನಷ್ಯಾನ ಬಂದು ಒತ್ತಬೇಕು. ನಿಮ್ಮಪ್ಪನ ಹೊಲದಾಗ ಮೋಟಾರಿನ ಬಾಜೂ ಯಾರೂ ಇರೂದಿಲ್ಲ, ಅದಕ ಅಲ್ಲಿ ಆಟೋ. ಗಿರಣ್ಯಾಗ ಮಂದಿ ಕೈ ಇರ್ತಾವು, ಅದಕ ಅಲ್ಲಿ ಆಟೋ ಇಲ್ಲ. ನೀ ಹೊಲದ ಕಾಯ್ದೆ ತಂದು ಮನ್ಯಾಗ ಹಚ್ಚೀದಿ."

"ಈಗ ಪ್ರೋಗ್ರಾಮಿನ್ಯಾಗ ಅದನ್ನ ತಗದ ಹಾಕ್ತೀನ್ರಿ."

"ತಗೀ. ಆದ್ರ ಸ್ಟಾರ್ಟರೂ ಹಾಕು. ನಿನ್ನ ಪ್ರೋಗ್ರಾಂ ಮರತ್ರ ಕಬ್ಬಿಣಾ ನೆನಪ ಇಟ್ಟಿರಬೇಕು."

ಈ ಮಾತನ್ನು ನನಗೆ ಯಾವ ವಿಡಿಯೊದಲ್ಲೂ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಮುಂದಕ್ಕೆ ಓಡಿಸಿರುತ್ತಿದ್ದೆ. ಪ್ರೋಗ್ರಾಂ ಬರೆಯುವವರಿಗೆ ಪ್ರತಿಯೊಂದನ್ನೂ ಪ್ರೋಗ್ರಾಮಿನಲ್ಲೇ ಸರಿಮಾಡುವ ಹುಚ್ಚು. ಕಾಕಾ ಒಂದು ಹಳೆಯ ಸ್ಟಾರ್ಟರ್ ಬಿಚ್ಚಿ ಅದರ ಹೊಟ್ಟೆಯನ್ನು ತೋರಿಸಿದರು. ಒಂದು ಸುರುಳಿ, ಒಂದು ಸ್ಪ್ರಿಂಗು. ಕರೆಂಟ್ ಇದ್ದಷ್ಟು ಹೊತ್ತು ಸುರುಳಿ ಹಿಡಿದಿರುತ್ತದೆ, ಹೋದರೆ ಸ್ಪ್ರಿಂಗು ದೂಡುತ್ತದೆ. ಬೆರಳಿನಿಂದ ಒತ್ತಿ ಬಿಟ್ಟು, ಒತ್ತಿ ಬಿಟ್ಟು ನೋಡಿದೆ. ದೀಪ ಮಿನುಗಿದ ದಿನದ ಸಂತೋಷ ಎಷ್ಟೋ ದಿನಗಳ ಮೇಲೆ ಮತ್ತೆ ಆಯಿತು. ಕಲಿಯುವುದು ಇನ್ನೂ ನನ್ನನ್ನು ಬಿಟ್ಟು ಹೋಗಿರಲಿಲ್ಲ.

ಮನೆಗೆ ಬಂದು ಸ್ಟಾರ್ಟರನ್ನು ಗೋಡೆಗೆ ಹೊಡೆದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು.

"ಎಳಿ ಹರದ್ರ ನಾ ಗ್ವಾಡಿತನಕ ನಡಕೊಂಡ ಹೋಗಿ ಆರಸಬೇಕೇನ? ಅಷ್ಟರಾಗ ಹತ್ತ ಎಳಿ ಹರೀತಾವು."

"ಮತ್ತ ಕೈಗೆ ಹತ್ತೂವಂಗ ಬಟನ್ ಕೊಡ್ತೀನ್ರಿ."

"ಕೈ ಎಳಿ ಮ್ಯಾಲೆ ಇರ್ತಾವು. ಕಾಲೇನ ಮಾಡ್ತಾವು? ಸುಮ್ಮ ಕುಂತಿರ್ತಾವು." ಆಕೆ ಮಗ್ಗದ ಕಡೆ ಗದ್ದ ಎತ್ತಿ ತೋರಿಸಿದರು. ಕುಣಿಯಲ್ಲಿ ನಮ್ಮ ಮನೆಯವರ ಕಾಲು ಹಲಗೆಯನ್ನು ತುಳಿದು ಬಿಡುತ್ತಿತ್ತು, ತುಳಿದು ಬಿಡುತ್ತಿತ್ತು. "ಅಂವಾ ಕಾಲ ಎತ್ತಿದ್ರ ಮಗ್ಗಾ ನಿಂದರತೈತಿ. ಅಂಥಾದೊಂದು ನನಗೂ ಕೊಡ."

ಕುಣಿಯೊಳಗಿನಿಂದ ಅವರು ಅಂದರು, "ನೇಕಾರರ ಬುದ್ಧಿ ಕಾಲಾಗ ಇರ್ತದ, ಇವ್ಳಿಗೆ ಯಾರೂ ಹೇಳಿಲ್ಲ."

ನಾನು ಆ ಹಲಗೆಯನ್ನು ನೋಡುತ್ತ ನಿಂತೆ. ತುಳಿದಿದ್ದರೆ ನಡೆ, ಬಿಟ್ಟರೆ ನಿಲ್ಲು. ಅಂಥದೊಂದನ್ನು ಡ್ರಮ್ಮಿನ ಈ ಬದಿಗೆ, ಅತ್ತೆ ಕೂರುವ ಮಣೆಯ ಕೆಳಗೆ ಇಟ್ಟರೆ, ಗಂಟು ಹಾಕಲು ಎದ್ದು ಆ ಬದಿಗೆ ಹೋಗಿ ಬಗ್ಗಿದಾಗ ಆಕೆಯ ಕಾಲು ಹಲಗೆಗೆ ಎಟುಕುವುದೇ ಇಲ್ಲ. ಬಗ್ಗಿದ ಮನುಷ್ಯನಿದ್ದಾಗ ಡ್ರಮ್ ತಿರುಗುವುದಕ್ಕೆ ದಾರಿಯೇ ಇಲ್ಲ. ನನ್ನ ಅಷ್ಟೂ ಸಾಲುಗಳು ಮಾಡಲಾಗದ್ದನ್ನು ಒಂದು ತುಂಡು ಹಲಗೆ ಮಾಡುತ್ತದೆ.

ಅಂಥದೇ ಹಲಗೆಯೊಂದನ್ನು ಮಣೆಯ ಕೆಳಗೆ ಕೂಡಿಸಿದೆ. ಅಂದು ಲ್ಯಾಪ್‌ಟಾಪ್ ತೆರೆದು ಬರೆಯುವುದಕ್ಕಿಂತ ಅಳಿಸಿದ್ದೇ ಹೆಚ್ಚು. ಸುತ್ತಿನ ಲೆಕ್ಕ ಮಾತ್ರ ನೆನಪಿರಲಿ, ಮೋಟಾರು ನಡೆಯುತ್ತಿತ್ತೋ ಇಲ್ಲವೋ ಎನ್ನುವುದು ಬೇಡ. ಏನೇ ಆಗಿ ಎಚ್ಚರವಾದರೂ ಮೊದಲ ಕೆಲಸ ನಿಲ್ಲುವುದು, ಕಾಲಿನ ಅಪ್ಪಣೆ ಬಂದರೆ ಮಾತ್ರ ಏಳುವುದು. ಪ್ರೋಗ್ರಾಂ ಅರ್ಧಕ್ಕಿಂತ ಕಡಿಮೆಯಾಯಿತು. ಪದ್ಧತಿಯಂತೆ ಅತ್ತೆಗೆ ಓದಿ ಹೇಳಿದೆ.

"ಜಾಣ ಎಲ್ಲೆದಾನ?"

"ತಗದ ಹಾಕೀನ್ರಿ."

"ಚಲೋ ಆತು. ಜಾಣರು ಮನ್ಯಾಗ ಇಬ್ಬರು ಸಾಕು, ನಾ ಮತ್ತ ನನ್ನ ಮಗಾ."

ಆಮೇಲೆ ಪರೀಕ್ಷೆ. ಹಿಂದೆ ನಾನು ಪರೀಕ್ಷೆ ಮಾಡುತ್ತಿದ್ದದ್ದು ಇದು ನಡೆಯುತ್ತದೆ ಎಂದು ತೋರಿಸಿಕೊಳ್ಳಲು. ಈ ಸಲ ಕೆಡಿಸಲೆಂದೇ ಕೂತೆ. ಹೊದೆಯುವ ಹಳೆಯ ಕೌದಿಯೊಂದನ್ನು ಅತ್ತೆಯ ಬದಲು ಡ್ರಮ್ಮಿನ ಮೇಲೆ ಬಗ್ಗಿಸಿ ಹಾಕಿ, ಮೇನ್ ಸ್ವಿಚ್ ಆರಿಸಿ ಹಚ್ಚಿ ನೋಡಿದೆ. ಹಲಗೆ ತುಳಿದಿರುವಾಗಲೇ ಆರಿಸಿದೆ. ಸುತ್ತಿನ ಅರ್ಧದಲ್ಲಿ ಆರಿಸಿದೆ. ಬೋರ್ಡಿನ ವೈರು ಎಳೆದು ನೋಡಿದೆ. ಒಮ್ಮೆ ಹಲಗೆಯ ಮೇಲೆ ನೀರಿನ ತಂಬಿಗೆ ಇಟ್ಟು, ಅದು ಕಾಲಿನಂತೆ ಒತ್ತಿ ಕೂತಿರುವಾಗ ಕರೆಂಟ್ ಕೊಟ್ಟೆ. ಸ್ಟಾರ್ಟರ್ ಹಸಿರು ಗುಂಡಿ ಒತ್ತದೆ ಹಿಡಿಯಲೇ ಇಲ್ಲ. ಕಾಕಾನ ಕಬ್ಬಿಣ ನೆನಪಿಟ್ಟಿತ್ತು. ಆದರೂ ಇನ್ನೊಂದು ದಿನ, ಇನ್ನೊಂದು ದಿನ ಎಂದು ಪರೀಕ್ಷೆ ಮುಂದುವರಿಸುತ್ತಲೇ ಇದ್ದೆ. ಅತ್ತೆ ಕಾದು ಕಾದು ಅಂದರು, "ಕೌದಿ ಹಾಸ ಮಾಡೂದಿಲ್ಲ. ಸರಿ ಅತ್ಲಾಗ."

ಅವರು ಮಣೆಯ ಮೇಲೆ ಕೂತು ಕಾಲಿಟ್ಟರು. ಡ್ರಮ್ ಸಾವಕಾಶ ಎದ್ದಿತು. ಕಾಲು ಎತ್ತಿದರು, ನಿಂತಿತು. ಮತ್ತೆ ಇಟ್ಟರು, ಎತ್ತಿದರು, ಇಟ್ಟರು. ಹೊಸ ಸೈಕಲ್ ಸಿಕ್ಕವರ ಹಾಗೆ ಅದನ್ನೇ ಆಡುತ್ತ, ನನ್ನ ಕಡೆ ನೋಡದೆ ನಗುತ್ತಿದ್ದರು. ಓಣಿಯ ಇಬ್ಬರು ಹೆಂಗಸರು ಬಂದು ತಾವೂ ಒಮ್ಮೆ ತುಳಿಯುತ್ತೇವೆ ಎಂದರು. ಆಕೆ ಬಿಡಲಿಲ್ಲ.

ನನಗೆ ಮಾತ್ರ ನೆಮ್ಮದಿ ಬರಲಿಲ್ಲ. ಆಕೆ ಕೆಲಸ ಮಾಡುವಷ್ಟು ಹೊತ್ತು ನಾನು ಪ್ಲಗ್ಗಿನ ಹತ್ತಿರ, ಅದರ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದೆ. ಅನ್ನ ಸೀದು ಹೋಗುತ್ತಿತ್ತು. ಹೀಗೆ ಐದು ದಿನ ಕಳೆದವು. ಆ ಐದು ದಿನ, ನಂಬಿದರೆ ನಂಬಿ, ಕೆಲಸದ ಹೊತ್ತಿನಲ್ಲಿ ಕರೆಂಟ್ ಒಮ್ಮೆಯೂ ಹೋಗಲಿಲ್ಲ. ಯಾವಾಗಲೂ ಕರೆಂಟಿಗೆ ಶಾಪ ಹಾಕುತ್ತಿದ್ದ ಮನೆಯಲ್ಲಿ ನಾನೊಬ್ಬಳೇ ಅದು ಹೋಗಲಿ ಎಂದು ಕಾಯುತ್ತಿದ್ದೆ.

ಆರನೆಯ ದಿನ ಊಟದ ಹೊತ್ತಿಗೆ ಮುಂಚೆ ಹೋಯಿತು. ಫ್ಯಾನು ನಿಂತಿತು, ಡ್ರಮ್ ನಿಂತಿತು. ಅತ್ತೆ ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿದು, ಆ ಬದಿಗೆ ಹೋಗಿ ಡ್ರಮ್ಮಿನ ಮೇಲೆ ಬಗ್ಗಿದರು. ಹರಿದ ಎಳೆಗಳ ತುದಿಗಳನ್ನು ಬೆರಳಿನಿಂದ ಹುಡುಕತೊಡಗಿದರು. ನಾನು ಪ್ಲಗ್ಗನ್ನು ಹಿಡಿದೆ.

"ಕೈ ತಗಿ," ಅಂದರು, ತಲೆ ಎತ್ತದೆ.

"ಇರ್ಲಿ ಬಿಡ್ರಿ."

"ನೀ ಹಿಡಕೊಂಡ ಕುಂತ್ರ ಅದು ನಿಂತೈತೋ ನೀ ನಿಂದರಿಸಿದ್ಯೋ ನನಗ ಹ್ಯಾಂಗ ಗೊತ್ತಾಗಬೇಕು? ನಾಳೆ ನೀ ತವರಮನಿಗೆ ಹೋಗ್ತಿ, ಆವಾಗ ಯಾರ ಹಿಡೀತಾರ? ತಗಿ ಕೈ."

ತೆಗೆದೆ. ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಎಷ್ಟು ಹೊತ್ತಾಯಿತೋ, ಆಗ ನಾನು ವೇಳೆ ಎಣಿಸಲಿಲ್ಲ. ಫ್ಯಾನು ಮೆಲ್ಲಗೆ ಅಲುಗಿತು, ಆಮೇಲೆ ತಿರುಗಿತು. ಪಕ್ಕದ ಮನೆಯ ಟಿವಿ ಅರ್ಧ ಮಾತಿನಿಂದ ಶುರುವಾಯಿತು. ಡ್ರಮ್ ಅಲುಗಲಿಲ್ಲ. ಅತ್ತೆಯ ಬೆರಳು ಎಳೆಗಳ ನಡುವೆಯೇ ಇತ್ತು, ಗಂಟು ಹಾಕಿ, ಹಲ್ಲಿನಿಂದ ತುದಿ ಕತ್ತರಿಸಿ, ಇನ್ನೊಂದು ಎಳೆ ಹುಡುಕಿ ಅದಕ್ಕೂ ಗಂಟು ಹಾಕಿದರು. ಆಮೇಲೆ ನೆಟ್ಟಗಾಗಿ, ಬೆನ್ನು ಸವರಿಕೊಂಡು, ಈ ಬದಿಗೆ ಬಂದು ಹಸಿರು ಗುಂಡಿ ಒತ್ತಿ ಮಣೆಯ ಮೇಲೆ ಕೂತರು.

"ಅಳೂದು ಬಿಟ್ಟು ಅನ್ನಕ್ಕ ಇಡ. ಇವತ್ತರ ತಳಾ ಹತ್ತಸಬ್ಯಾಡ," ಅಂದರು, ಕಾಲಿಟ್ಟರು.

ಆ ರಾತ್ರಿ ಹಾಸಿಗೆಗೆ ತಲೆ ಕೊಟ್ಟದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು, ಯಾರೂ ನನ್ನನ್ನು ಎಬ್ಬಿಸಿರಲಿಲ್ಲ. ಪಕ್ಕದ ಕೋಣೆಯಲ್ಲಿ ಅತ್ತೆ ಆಗಲೇ ಅರ್ಧ ಹಾಸು ಮುಗಿಸಿದ್ದರು. ಅಷ್ಟು ಹೊತ್ತೂ ಡ್ರಮ್ ತಿರುಗುತ್ತಲೇ ಇತ್ತಂತೆ, ಗೋಡೆಯ ಆಚೆಯೇ. ನನಗೆ ಕೇಳಿಸಿರಲಿಲ್ಲ.